ಬೋರನಕುಂಟೆ ಕಾವಲಿನಲ್ಲಿ ಯಾರೂ ಇಲ್ಲ

ಹನ್ನೊಂದು ಕಿಲೋಮೀಟರು ದೂರದ ಪೊದೆಯಲ್ಲಿ ಮಲಗಿದ ಮೊಲದ ಉಸಿರನ್ನು ಎಣಿಸಬಲ್ಲ ಯಂತ್ರಕ್ಕೆ ನನ್ನ ಅವ್ವ ಕಾಣಲಿಲ್ಲ. ಎಪ್ಪತ್ತೆರಡರ ವಯಸ್ಸಿನಲ್ಲಿ, ತಲೆಯ ಮೇಲೆ ರೊಟ್ಟಿಗಂಟು ಹೊತ್ತು, ಹಾಡಹಗಲಲ್ಲಿ ಅದರ ಕಣ್ಣ ಮುಂದೆಯೇ ನಡೆದುಹೋಗುತ್ತಿದ್ದ ಅವ್ವ. ಆ ಯಂತ್ರವನ್ನು ಕಟ್ಟಿದವರಲ್ಲಿ ನಾನೂ ಒಬ್ಬಳು. ಯಾರ ಮೇಲೆ ಸಿಟ್ಟು ಮಾಡಬೇಕೆಂದು ನನಗೆ ಇನ್ನೂ ಗೊತ್ತಾಗಿಲ್ಲ. ಸದ್ಯಕ್ಕೆ ಎಲ್ಲರ ಮೇಲೂ ಮಾಡುತ್ತಿದ್ದೇನೆ.

ನನ್ನ ಹೆಸರು ಬೋರಮ್ಮ. ನಲವತ್ತಾರು ವಯಸ್ಸು. ಬೋರನಕುಂಟೆ ಕಾವಲಿನ ಪರೀಕ್ಷಾ ಕೇಂದ್ರದಲ್ಲಿ ತಾಂತ್ರಿಕ ಅಧಿಕಾರಿ. ಕಾವಲು ಅಂದರೆ ಸುತ್ತಲಿನ ಹಳ್ಳಿಗಳ ದನ ಮೇಯುವ ಹುಲ್ಲುಬಯಲು. ಹನ್ನೊಂದು ವರ್ಷದ ಹಿಂದೆ ಅದಕ್ಕೆ ತಂತಿಬೇಲಿ ಬಿತ್ತು. ರಾಕೆಟ್ಟು ಬೀಳಿಸಿ ನೋಡುವ ಜಾಗವಾಯಿತು. ರಾಕೆಟ್ಟು ಬೀಳುವ ಮೊದಲು ಬಯಲಿನಲ್ಲಿ ಯಾರೂ ಇಲ್ಲವೆಂದು ಖಾತ್ರಿಯಾಗಬೇಕಲ್ಲ, ಅದಕ್ಕೆ ಆರು ಜೀಪುಗಳು ಇಡೀ ದಿನ ಸುತ್ತುತ್ತಿದ್ದವು. ಜಾಲಿಮೆಳೆ ದಟ್ಟವಾದ ಮೇಲೆ ಜೀಪಿನವರಿಗೆ ಹತ್ತು ಮಾರಿನ ಆಚೆ ಏನೂ ಕಾಣದಾಯಿತು. ಆಗ ಬಂದವರು ನಮ್ಮ ನಿರ್ದೇಶಕರು, ಡಾಕ್ಟರ್ ಸೇತುಮಾಧವ, ತಮ್ಮ ಕ್ವಾಂಟಮ್ ರೇಡಾರಿನ ಕನಸು ಹೊತ್ತುಕೊಂಡು.

ಸಾದಾ ರೇಡಾರು ಅಲೆ ಬಿಡುತ್ತದೆ, ತಾಗಿ ಮರಳಿದ ಅಲೆಯನ್ನು ಹಿಡಿಯುತ್ತದೆ. ಮನುಷ್ಯನ ಎದೆಗೆ ತಾಗಿ ಮರಳುವ ಅಲೆ ತೀರ ಸಣ್ಣದು. ಕಾದ ಬಂಡೆ, ಮಣ್ಣು, ಮೊಬೈಲ್ ಗೋಪುರ ಎಲ್ಲ ಸೇರಿ ಎಬ್ಬಿಸುವ ಗದ್ದಲದಲ್ಲಿ ಅದು ಕಳೆದೇ ಹೋಗುತ್ತದೆ. ನಮ್ಮ ಯಂತ್ರ ಕಣ್ಣಿಗೆ ಕಾಣದ ಜಾತಿಯ ಬೆಳಕಿನ ಕಣಗಳನ್ನು ಅವಳಿಯಾಗಿ ಹುಟ್ಟಿಸುತ್ತದೆ. ಒಂದನ್ನು ಬಯಲಿಗೆ ಅಟ್ಟಿ, ಅದರ ಜೋಡಿಯನ್ನು ನೆಲಮಾಳಿಗೆಯ ಕಡುತಣ್ಣನೆಯ ಪೆಟ್ಟಿಗೆಯಲ್ಲಿ ಕಾದಿಡುತ್ತದೆ. ನೋಡಲು ಬಂದ ಅತಿಥಿಗಳಿಗೆಲ್ಲ ನಾನು ಹೀಗೆ ವಿವರಿಸುತ್ತಿದ್ದೆ: ಮದುವೆ ಛತ್ರದ ಬಾಗಿಲಲ್ಲಿ ಸಾವಿರ ಚಪ್ಪಲಿ ಬಿದ್ದಿವೆ ಅನ್ನಿ. ಒಂದು ಕಾಲಿನದು ನಿಮ್ಮ ಕೈಯಲ್ಲಿದ್ದರೆ ಇನ್ನೊಂದನ್ನು ಆ ರಾಶಿಯಲ್ಲೂ ಹುಡುಕಿಬಿಡುತ್ತೀರಿ, ಹೌದೋ ಅಲ್ಲವೋ? ಅತಿಥಿಗಳು ನಗುತ್ತಾ ತಲೆದೂಗುತ್ತಿದ್ದರು. ಇನ್ನೊಂದು ವಿಚಿತ್ರವಿದೆ. ಹೊರಗೆ ಹೋದ ಕಣ ದಾರಿಯಲ್ಲಿ ಪೆಟ್ಟು ತಿಂದು ಜೋಡಿಯೊಡನೆ ಇದ್ದ ನಂಟನ್ನು ಕಳೆದುಕೊಂಡೇ ಮರಳುತ್ತದೆ. ನಂಟು ಹೋದರೂ ಗುರುತು ಉಳಿದಿರುತ್ತದೆ, ಅಷ್ಟು ಸಾಕು. ಇದನ್ನು ಮಾತ್ರ ನಾನು ಅತಿಥಿಗಳಿಗೆ ಹೇಳುತ್ತಿರಲಿಲ್ಲ. ಯಾಕೋ ನನ್ನ ಮನೆಯ ವಿಷಯ ಹೇಳಿದ ಹಾಗೆ ಆಗುತ್ತಿತ್ತು.

ನನ್ನ ಮನೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಕಾವಲಿನ ನಡುವೆ ಒಂದು ರೊಪ್ಪವಿದೆ. ರೊಪ್ಪ ಅಂದರೆ ಮುಳ್ಳುಬೇಲಿಯ ದನದ ದೊಡ್ಡಿ. ಅಲ್ಲಿ ನಮ್ಮ ಕುಲದ ದೇವರ ಎತ್ತುಗಳಿವೆ, ಅರವತ್ತೋ ಎಪ್ಪತ್ತೋ. ಅವುಗಳಿಗೆ ಯಾರೂ ನೊಗ ಹೂಡುವುದಿಲ್ಲ, ಯಾರೂ ಮಾರುವುದಿಲ್ಲ. ಅವನ್ನು ಕಾಯುವವನಿಗೆ ಕಿಲಾರಿ ಅನ್ನುತ್ತಾರೆ. ಕಿಲಾರಿಯಾದವನು ಊರೊಳಗೆ ಕಾಲಿಡುವಂತಿಲ್ಲ, ಹಾಸಿಗೆ ಹಾಸುವಂತಿಲ್ಲ, ಕಾಲಿಗೆ ಮೆಟ್ಟು ಹಾಕುವಂತಿಲ್ಲ. ದನ ಹೋದ ಕಡೆ ಹೋಗಬೇಕು, ದನದ ಜತೆ ಮಲಗಬೇಕು. ನಮ್ಮ ಕಿಲಾರಿ ನನ್ನ ಸೋದರಮಾವ ಪಾಲಯ್ಯ. ಅವನಿಗೆ ಊಟ ಒಯ್ಯುವವಳು ಅವನ ಅಕ್ಕ, ಅಂದರೆ ನನ್ನ ಅವ್ವ ಓಬಕ್ಕ. ಮೂವತ್ತು ವರ್ಷದಿಂದ ದಿನಾ ಬೆಳಿಗ್ಗೆ ಹತ್ತಕ್ಕೆ ಅವಳು ರೊಪ್ಪದ ಬಾಗಿಲಲ್ಲಿರುತ್ತಾಳೆ. ದೇವರ ದನದ ನೆಲವೆಂದು ಅವಳೂ ಬರಿಗಾಲಿನಲ್ಲೇ ಹೋಗುತ್ತಾಳೆ.

ಬೇಲಿ ಬಿದ್ದ ವರ್ಷ ನನಗೆ ಕೇಂದ್ರದಲ್ಲಿ ಕೆಲಸ ಸಿಕ್ಕಿತು. ಮೊದಲ ವಾರವೇ ಅಳತೆಯವರ ಜತೆ ಬಯಲಿಗೆ ಹೋದೆ. ಕೆಲಸದ ಗುಂಗಿನಲ್ಲಿ, ಹೊಸ ಬೂಟಿನಲ್ಲಿ, ಸೀದಾ ಎತ್ತುಗಳ ನಡುವೆ ನಡೆದುಬಿಟ್ಟೆ. ಮಾವ ಕೋಲೂರಿ ನಿಂತು ನೋಡಿದ. ಆಮೇಲೆ ಅಳತೆಯವರ ಎದುರಿಗೇ ಅಂದ: "ಮೆಟ್ಟು ಮೆಟ್ಕಂಡು ದೇವ್ರ ದನದ ನಡುವೆ ಬಂದೋಳು ನಮ್ಮೋಳಲ್ಲ." ರೊಪ್ಪಕ್ಕೆ ಹಾಲು ಚಿಮುಕಿಸಿ ಶುದ್ಧ ಮಾಡಿಸಿದರು. ಅಲ್ಲಿಗೆ ಅವನು ನನ್ನ ಜತೆ ಮಾತು ಬಿಟ್ಟ. ಚಿಕ್ಕವಳಿದ್ದಾಗ ಹೆಗಲ ಮೇಲೆ ಕೂರಿಸಿಕೊಂಡು ಕಾವಲೆಲ್ಲ ತೋರಿಸಿದವನು ಹನ್ನೊಂದು ವರ್ಷ ನನ್ನ ಮುಖ ನೋಡಲಿಲ್ಲ. ನಾನೂ ಹೋಗಿ ಕಾಲಿಗೆ ಬೀಳಲಿಲ್ಲ. ನಮ್ಮ ಮನೆಯಲ್ಲಿ ಹಟಕ್ಕೇನೂ ಬರವಿಲ್ಲ.

ಇನ್ನು ಆ ಇಪ್ಪತ್ತೊಂದು ದಿನಗಳ ವಿಷಯ.

ಯಂತ್ರ ಕೆಲಸ ಶುರು ಮಾಡುವ ಮೊದಲು ಖಾಲಿ ಬಯಲು ಅಂದರೆ ಹೇಗಿರುತ್ತದೆ ಎಂದು ಕಲಿಯಬೇಕು. ಇಪ್ಪತ್ತೊಂದು ದಿನ ಸುಮ್ಮನೆ ನೋಡುತ್ತದೆ. ಗಾಳಿಗೆ ತೂಗುವ ಹುಲ್ಲು, ಬಿಸಿಲಿಗೆ ನಡುಗುವ ನೆಲ, ಅಲೆದಾಡುವ ಕೃಷ್ಣಮೃಗ, ದಿನವೂ ಏನೇನು ಹೇಗೆ ಅಲುಗುತ್ತದೋ ಅದನ್ನೆಲ್ಲ ಬಯಲಿನ ಪಾಲಿಗೆ ಬರೆದುಕೊಳ್ಳುತ್ತದೆ. ಆಮೇಲೆ ಅದಷ್ಟನ್ನೂ ಕಳೆದು, ಉಳಿದದ್ದನ್ನು ಮಾತ್ರ ತೋರಿಸುತ್ತದೆ. ಹೊಸ ಉಸಿರು, ಹೊಸ ಹೆಜ್ಜೆ ಕಂಡರೆ ಬಯಲಿನ ಸುತ್ತ ಸೈರನ್ ಕೂಗುತ್ತದೆ, ರಾಕೆಟ್ಟಿಗೆ ತಾನಾಗಿ ಬೀಗ ಬೀಳುತ್ತದೆ. ಆ ಬೀಗದ ವ್ಯವಸ್ಥೆ ಮಾಡಿದವಳು ನಾನೇ. ಮನುಷ್ಯರನ್ನು ನಂಬಬಾರದು ಎಂಬುದು ಆಗ ನನ್ನ ಹೆಮ್ಮೆಯ ಸಿದ್ಧಾಂತವಾಗಿತ್ತು.

ಆ ಇಪ್ಪತ್ತೊಂದು ದಿನ ಬಯಲಿನಲ್ಲಿ ನರಪಿಳ್ಳೆ ಇರಬಾರದು. ನಾನು ಹಳ್ಳಿಹಳ್ಳಿ ಸುತ್ತಿ ಹಿರಿಯರ ರುಜು ಹಾಕಿಸಿಕೊಂಡು ಬಂದೆ. ನಮ್ಮೂರಿನ ಯಜಮಾನ ಕಾಟಯ್ಯನನ್ನು ಕೇಳಿದೆ: "ಕಾವಲಾಗೆ ಯಾರಾದ್ರೂ ಉಳ್ದವ್ರಾ ಯಜಮಾನ್ರೇ?"

"ಯಾರೂ ಇಲ್ಲ ಕಣವ್ವಾ," ಅಂದ ಕಾಟಯ್ಯ. ಅವನು ಸುಳ್ಳು ಹೇಳಲಿಲ್ಲ. ನಮ್ಮಲ್ಲಿ ಊರಿನ ತಲೆ ಎಣಿಸುವಾಗ, ಹಬ್ಬದ ಪಾಲು ಹಂಚುವಾಗ, ಕಿಲಾರಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವನು ದೇವರ ದನದ ಲೆಕ್ಕಕ್ಕೆ ಸೇರಿದವನು. ಅವನಿಗೆ ಊಟ ಒಯ್ಯುವವಳು ಆ ಹೊತ್ತಿನ ಮಟ್ಟಿಗೆ ದೇವರ ಕೆಲಸದವಳು. ನಾನೂ ಅದೇ ಮನೆಯ ಅನ್ನ ತಿಂದು ಬೆಳೆದವಳು. ಹಾಳೆಯ ಮೇಲೆ "ಯಾರೂ ಇಲ್ಲ" ಎಂದು ಬರೆದು ರುಜು ಹಾಕಿದೆ. ಆ ಕ್ಷಣ ನನಗೆ ಮಾವನ ನೆನಪು ಬರಲಿಲ್ಲ ಎಂದರೆ ನೀವು ನಂಬುವುದಿಲ್ಲ. ನನಗೇ ನಂಬಿಕೆಯಿಲ್ಲ. ಸಿಟ್ಟಿಗೆ ಮರೆತೆನೋ, ರೂಢಿಗೆ ಮರೆತೆನೋ, ದೇವರಿಗೇ ಗೊತ್ತು.

ಹೀಗೆ ಇಪ್ಪತ್ತೊಂದು ದಿನ ಆ ದುಬಾರಿ ಯಂತ್ರ ನನ್ನ ಮಾವನ ಬರಿಗಾಲಿನ ನಡಿಗೆಯನ್ನೂ ಅವ್ವನ ಬರಿಗಾಲಿನ ನಡಿಗೆಯನ್ನೂ ಹುಲ್ಲಿನ ಜತೆ ಸೇರಿಸಿ ಬಯಲು ಎಂದು ಕಲಿತುಕೊಂಡಿತು.

ಸೈರನ್ ಬಂದ ಮೇಲೆ ಊರಿನ ಬದುಕು ಕೆಟ್ಟಿತು. ಸೌದೆಗೆಂದು ಬೇಲಿ ನುಸುಳಿದ ಹೆಂಗಸು ನಾಲ್ಕು ಹೆಜ್ಜೆ ಇಡುವುದರೊಳಗೆ ಸೈರನ್, ಹಿಂದೆಯೇ ಜೀಪು, ದಂಡ. ತಪ್ಪಿಸಿಕೊಂಡ ಮೇಕೆಯ ಹಿಂದೆ ಓಡಿದ ಮುದುಕನಿಗೂ ಸೈರನ್. ಬೇಲಿಯಂಚಿನ ಮನೆಯ ಬಾಣಂತಿಯ ಕೂಸು ಆ ಸದ್ದಿಗೆ ಬೆಚ್ಚಿಬೆಚ್ಚಿ ಹಾಲು ಕುಡಿಯುವುದನ್ನೇ ಬಿಟ್ಟಿತು. ನಾನು ಊರಿಗೆ ಹೋದರೆ ಕಟ್ಟೆಯ ಮೇಲೆ ಕೂತವರು ಮಾತು ನಿಲ್ಲಿಸುತ್ತಿದ್ದರು. ಒಬ್ಬಾಕೆ ನನಗೆ ಕೇಳುವ ಹಾಗೆಯೇ ಅಂದಳು: "ಹಿಂದ್ಲಿಂದ ನೋಡಿದ್ರೆ ಥೇಟ್ ಓಬಕ್ಕನ ನಡಿಗೆ. ಮುಂದೆ ಬಂದ್ರೆ ಮಾತ್ರ ಮಾರಿ."

ಆದರೂ ಭಾನುವಾರ ಅವ್ವನ ಮನೆಗೆ ಹೋಗುವುದನ್ನು ಬಿಟ್ಟಿರಲಿಲ್ಲ. ಅಂದೂ ಹೋದೆ. ಅವ್ವ ಮುದ್ದೆ ಬಡಿಸಿ, ಸಾರು ಹಾಕಿ, ಎದುರಿಗೆ ಕೂತಳು. ನನಗೆ ಊಟ ಹಾಕುವುದೂ ಬೈಯುವುದೂ ಅವಳಿಗೆ ಒಂದೇ ಕೆಲಸ.

"ನಿಮ್ಮ ಮಿಷನ್ನು ದೊಡ್ಡದಾಗಿ ಕೊಚ್ಕಂತೀಯಲ್ಲ," ಅಂದಳು. "ಅದ್ರ ಕಣ್ಣು ಕಟ್ಟೈತೆ, ಗೊತ್ತಾ?"

"ಏನವ್ವಾ ಹಂಗಂದ್ರೆ?"

"ನಾನು ದಿನಾ ಹೋಗಿ ಬತ್ತೀನಿ. ಒಂದ್ ದಿನಾನೂ ಕೂಗಿಲ್ಲ. ಮೂರು ತಿಂಗ್ಳಾತು. ದೇವ್ರು ಅದ್ರ ಕಣ್ಣು ಕಟ್ಯಾನೆ ಅಂತ ಯಜಮಾನ ತೆಂಗಿನಕಾಯಿ ಒಡ್ಸಿದ್ನಲ್ಲ! ಈಗ ಪಕ್ಕದ ಮನೆ ಗಂಗವ್ವನೂ ಮೆಟ್ಟು ಬಿಟ್ಟು ನನ್ನ ಹೆಜ್ಜೆ ಮ್ಯಾಲೆ ಹೆಜ್ಜೆ ಇಟ್ಕಂಡು ಬತ್ತಾಳೆ, ಸೌದೆಗೆ. ಅವ್ಳಿಗೂ ಕೂಗಲ್ಲ. ಮೊನ್ನೆ ಮರೆತು ಮೆಟ್ಟು ಹಾಕ್ಕಂಡು ಬಂದ್ಳು ನೋಡು, ಹೊಡ್ಕಂತಪ್ಪ ಸೈರನ್ನು!" ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ನನಗೂ ಮೊದಲು ನಗು ಬಂತು. ನಗು ಅರ್ಧಕ್ಕೆ ಬರುವಷ್ಟರಲ್ಲಿ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು. ಗುರುವಾರ ಬೆಳಿಗ್ಗೆ ಹತ್ತೂವರೆಗೆ ಹೊಸ ರಾಕೆಟ್ಟಿನ ಪರೀಕ್ಷೆಯಿತ್ತು. ಅದು ಸಿಡಿದರೆ ಸುತ್ತ ಎರಡು ಕಿಲೋಮೀಟರು ಚೂರು ಹಾರುತ್ತದೆ. ರೊಪ್ಪ ಆ ಸುತ್ತಿನ ಒಳಗಿತ್ತು. ಇದುವರೆಗಿನ ರಾಕೆಟ್ಟುಗಳೆಲ್ಲ ಬಯಲಿನ ಆಚೆಯ ತುದಿಗೆ ಬೀಳುತ್ತಿದ್ದವು. ಇದು ನಡುವಿಗೆ ಬೀಳುವುದಿತ್ತು.

"ಅವ್ವಾ, ಗುರುವಾರ ನೀನು ಹೋಗಬ್ಯಾಡ. ಮಾವನ್ನೂ ದನಾನೂ ಈಚೆ ಹೊಡ್ಕಂಡು ಬರಾಕೆ ಹೇಳು."

"ರೊಪ್ಪ ಕೀಳ್ಬೇಕಾದ್ರೆ ದೇವ್ರು ಹೂ ಉದುರ್ಸಿ ಅಪ್ಪಣೆ ಕೊಡ್ಬೇಕು. ನಿನ್ನ ಆಫೀಸ್ನೋರು ಕೇಳಿದ್ರೆ ಕೊಡಲ್ಲ." ಅವ್ವನ ಮುಖ ಬಿಗಿಯಿತು. "ನಾನು ಹೋಗದಿದ್ರೆ ಅವ್ನು ಉಪಾಸ ಇರ್ತಾನೆ. ಅವ್ನು ಉಪಾಸ ಇದ್ರೆ ನಿನಗೆ ಸಂತೋಷನೇ ಬಿಡು."

ಸೋಮವಾರ ಹತ್ತು ಗಂಟೆಗೆ ನಿಯಂತ್ರಣ ಕೊಠಡಿಯಲ್ಲಿ ಪರದೆಯ ಮುಂದೆ ನಿಂತೆ. ಹಸಿರು ನಕ್ಷೆ. ಮೂಲೆಯಲ್ಲಿ ಅಂಕಿ: ಸೊನ್ನೆ. ಅವ್ವ ಆ ಹೊತ್ತಿಗೆ ಸರಿಯಾಗಿ ನಕ್ಷೆಯ ನಡುವೆ ನಡೆಯುತ್ತಿದ್ದಳು. ಕಳೆದುಹಾಕಿದ ಭಾಗವನ್ನು ಬಿಡಿಸಿ ನೋಡಿದೆ. ಹುಲ್ಲಿನ ಅಲುಗಾಟದ ಪಟ್ಟಿಯಲ್ಲಿ, ನಾನೂರ ಹನ್ನೆರಡನೆಯ ಸಾಲಿನಲ್ಲಿ, ನಿಮಿಷಕ್ಕೆ ಹದಿನೆಂಟು ಸಲ ಏರಿಳಿಯುವ ಒಂದು ಸಣ್ಣ ಗೆರೆಯಿತ್ತು. ಅದು ನನ್ನ ಅವ್ವನ ಉಸಿರು. ಯಂತ್ರ ಅದಕ್ಕೆ ತಾನೇ ಒಂದು ಹೆಸರು ಕೊಟ್ಟಿತ್ತು: ಸಸ್ಯ, ಬಗೆ ಏಳು. ನನಗೆ ಬಂದ ಸಿಟ್ಟಿಗೆ ಆ ಪರದೆಯನ್ನು ಒಡೆದುಹಾಕಬೇಕಿತ್ತು. ಓದಿದವಳಲ್ಲವೇ, ಹಾಳೆಗೆ ಮುದ್ರಿಸಿಕೊಂಡು ನಿರ್ದೇಶಕರ ಕೋಣೆಗೆ ಹೋದೆ.

ಸೇತುಮಾಧವ ಹಾಳೆಯನ್ನು ಓದಿ, ಕನ್ನಡಕ ತೆಗೆದು, ಒರೆಸಿದರು. ಕೆಟ್ಟ ಸುದ್ದಿಗೂ ಒಳ್ಳೆಯ ಸುದ್ದಿಗೂ ಆ ಮನುಷ್ಯ ಮಾಡುವುದು ಅದನ್ನೇ.

"ಇದು ಗಾಳಿ," ಅಂದರು.

"ಗಾಳಿ ದಿನಾ ಹತ್ತು ಗಂಟೆಗೆ ರೊಪ್ಪಕ್ಕೆ ಹೋಗಿ ಹತ್ತೂಮುಕ್ಕಾಲಿಗೆ ವಾಪಸು ಬರಲ್ಲ ಸಾರ್. ಇದು ನನ್ನ ತಾಯಿ. ಪಕ್ಕದಲ್ಲಿರೋದು ನನ್ನ ಮಾವ. ಕಲಿಕೆಯ ದಿನಗಳಲ್ಲಿ ಇಬ್ಬರೂ ಅಲ್ಲೇ ಇದ್ದರು. ಯಂತ್ರ ಅವರನ್ನು ಬಯಲು ಅಂತ ಕಲಿತುಬಿಟ್ಟಿದೆ."

"ಕಲಿಕೆಯ ದಿನಗಳಲ್ಲಿ ಅಲ್ಲಿ ಯಾರೂ ಇರಲಿಲ್ಲ, ಬೋರಮ್ಮ." ಕಡತ ತೆಗೆದು ಹಾಳೆ ತಿರುವಿ ನನ್ನ ಮುಂದಿಟ್ಟರು. "ಇದು ನಿಮ್ಮದೇ ಅಕ್ಷರ, ನಿಮ್ಮದೇ ರುಜು. ಅಂದು ಸುಳ್ಳು ಬರೆದಿರೋ, ಇಂದು ಸುಳ್ಳು ಹೇಳುತ್ತಿದ್ದೀರೋ?"

"ಅಂದು ತಪ್ಪು ಬರೆದೆ. ಮತ್ತೆ ಇಪ್ಪತ್ತೊಂದು ದಿನ ಕಲಿಸೋಣ ಸಾರ್."

"ಗುರುವಾರ ನೋಡಲು ಬರುವವರಿಗೆ ಏನು ಹೇಳಲಿ? ಯಂತ್ರಕ್ಕೆ ಮನುಷ್ಯ ಯಾರು, ಹುಲ್ಲು ಯಾವುದು ಗೊತ್ತಿಲ್ಲ ಅಂತಲೇ?" ಅವರ ದನಿ ಏರಲಿಲ್ಲ. ಏರಿದ್ದರೆ ನನಗೆ ಅಷ್ಟು ಮೈ ಉರಿಯುತ್ತಿರಲಿಲ್ಲ. "ನಿಮಗೂ ನಿಮ್ಮ ಊರಿಗೂ ಏನೇನಿದೆಯೋ ನನಗೆ ಗೊತ್ತಿಲ್ಲ. ನಿಮ್ಮವರ ಒತ್ತಡಕ್ಕೆ ಪರೀಕ್ಷೆ ನಿಲ್ಲಿಸಲು ಬಂದಿದ್ದೀರಿ ಅಂತ ಅನ್ನಿಸುತ್ತಿದೆ. ಆದರೂ ನಾನು ಅನ್ಯಾಯದ ಮನುಷ್ಯನಲ್ಲ. ಗುರುವಾರ ಬೆಳಿಗ್ಗೆ ರೊಪ್ಪದವರೆಗೆ ಒಂದು ಜೀಪು ಕಳಿಸುತ್ತೇನೆ. ಕಣ್ಣಾರೆ ನೋಡಿ ಬರಲಿ. ಅಲ್ಲಿಯವರೆಗೆ ನೀವು ನಿಯಂತ್ರಣ ಕೊಠಡಿಗೆ ಬರಬೇಡಿ."

ಊರಿನಲ್ಲಿ ನಾನು ಆಫೀಸಿನವಳು, ಆಫೀಸಿನಲ್ಲಿ ನಾನು ಊರಿನವಳು. ಎರಡೂ ಕಡೆ ಬಾಗಿಲು ಹಾಕಿಸಿಕೊಂಡ ಪುಣ್ಯವಂತೆ. ದೊಡ್ಡ ಕಚೇರಿಗೆ ಪತ್ರ ಬರೆದೆ. ಪತ್ರ ತಲುಪಿದೆ ಎಂದು ಉತ್ತರ ಬಂತು, ಬೇರೇನೂ ಬರಲಿಲ್ಲ. ಮಂಗಳವಾರ ಕಾಟಯ್ಯನ ಮನೆಗೆ ಹೋದೆ. "ಮಾವನ್ನ ಒಂದ್ ದಿನ ಈಚೆ ಕರೀರಿ," ಎಂದು ಕೈ ಮುಗಿದೆ. ಯಜಮಾನನಿಗೆ ನನ್ನ ಗೋಳು ಕೇಳಿ ಖುಷಿಯಾಯಿತು.

"ಈಗ ಗೊತ್ತಾತಾ ನಿನಗೆ, ದೇವ್ರು ಅಂದ್ರೆ ಏನು ಅಂತ?" ಅಂದ. "ಕಣ್ಣು ಕಟ್ಟಿದ ದೇವ್ರು ಕೈ ಬಿಡ್ತಾನೇನವ್ವಾ? ಹೋಗು, ನಿನ್ನ ರಾಕೆಟ್ಟಿಗೂ ಹೇಳು."

ಆ ಮಾತಿಗೆ ಕೂತವರೆಲ್ಲ ನಕ್ಕರು. ನನ್ನ ಅವ್ವನ ಪ್ರಾಣ ಹೋಗುವುದು ಒಂದು ಕಡೆಗೆ, ನನ್ನ ಮೂತಿಗೆ ಗುದ್ದಿದ ಸುಖ ಒಂದು ಕಡೆಗೆ; ಅವರಿಗೆ ಎರಡನೆಯದೇ ಹೆಚ್ಚು ಕಂಡಿತು. ಬುಧವಾರ ಅವ್ವನನ್ನು ಮತ್ತೊಮ್ಮೆ ಬೇಡಿಕೊಂಡೆ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಲೇ ಇಲ್ಲ.

ಗುರುವಾರ ಒಂಬತ್ತು ಗಂಟೆಯಿಂದ ನಾನು ಬಯಲಿನ ಒಳಗೇಟಿನ ಬಳಿ ನಿಂತಿದ್ದೆ. ಸೇತುಮಾಧವ ಮಾತಿಗೆ ತಪ್ಪಲಿಲ್ಲ, ಜೀಪು ಹೋಗಿತ್ತು. ಓಡಿಸಿದವನು ಕಾವಲುಗಾರ ತಿಪ್ಪಯ್ಯ, ನಮ್ಮೂರಿನವನೇ, ಒಳ್ಳೆಯವನು. ಅವನು ನೋಡಿಬರಲಿ, ಎಲ್ಲ ಸರಿಹೋಗುತ್ತದೆ ಎಂದು ಎದೆ ಗಟ್ಟಿ ಮಾಡಿಕೊಂಡಿದ್ದೆ. ಹತ್ತಕ್ಕೆ ಐದು ನಿಮಿಷವಿರುವಾಗ ಗೇಟಿನ ವೈರ್‌ಲೆಸ್ಸಿನಲ್ಲಿ ನಿರ್ದೇಶಕರ ದನಿ ಕೇಳಿಸಿತು: "ರೊಪ್ಪದ ಹತ್ತಿರ ಹೋಗಿದ್ದೀರಾ? ಯಾರಾದರೂ ಇದ್ದಾರಾ?"

"ಯಾರೂ ಇಲ್ಲ ಸಾರ್," ಅಂದ ತಿಪ್ಪಯ್ಯ.

"ಸರಿ. ವಾಪಸು ಬನ್ನಿ. ವೈರ್‌ಲೆಸ್ ಬಂದ್ ಮಾಡುತ್ತಿದ್ದೇವೆ. ಎಣಿಕೆ ಶುರು."

ಕರ್ರೆಂದು ಸದ್ದು ಮಾಡಿ ಪೆಟ್ಟಿಗೆ ಸತ್ತಿತು. ಪರೀಕ್ಷೆಯ ಎಣಿಕೆ ಶುರುವಾದ ಮೇಲೆ ಯಾರ ಫೋನೂ ಯಾರ ಮಾತೂ ಕೊಠಡಿಯ ಒಳಗೆ ಹೋಗುವುದಿಲ್ಲ. ಅದೂ ನಮ್ಮದೇ ನಿಯಮ.

ಜೀಪು ಧೂಳೆಬ್ಬಿಸಿಕೊಂಡು ಬಂದು ನಿಂತಿತು. ನಾನು ಓಡಿ ಹೋಗಿ ತಿಪ್ಪಯ್ಯನ ಅಂಗಿ ಹಿಡಿದೆ. "ಕಿಲಾರಿ ಎಲ್ಲೋ? ಅಲ್ಲಿಲ್ವೇನೋ?"

"ಅವ್ರಾ? ಅವ್ರು ಅಲ್ಲೇ ಅವ್ರೆ ಕಣಕ್ಕ. ಅವ್ರು ಎಲ್ಲಿಗೆ ಹೋಗ್ತಾರೆ?"

"ಮತ್ತೆ ಯಾರೂ ಇಲ್ಲ ಅಂದ್ಯಲ್ಲೋ!"

ಅವನು ನನ್ನನ್ನು ಪಾಪ ಎಂಬಂತೆ ನೋಡಿದ. "ಕಿಲಾರೀನ ಯಾರಾದ್ರೂ ಲೆಕ್ಕಕ್ಕೆ ಹಿಡೀತಾರೇನಕ್ಕ?"

ಅವನ ಕೆನ್ನೆಗೆ ಬಾರಿಸಿದೆ. ನನ್ನ ಕೆನ್ನೆಗೇ ಬಾರಿಸಿಕೊಳ್ಳಬೇಕಾದ ಏಟು ಅದು, ಕೈ ಅವನ ಕಡೆಗೆ ಹೋಯಿತು. ಅವನು ತಬ್ಬಿಬ್ಬಾಗಿ ಕೆನ್ನೆ ಮುಟ್ಟಿಕೊಳ್ಳುವಷ್ಟರಲ್ಲಿ ನಾನು ಜೀಪಿನಲ್ಲಿದ್ದೆ.

ಹತ್ತು ಗಂಟೆ ಎಂಟು ನಿಮಿಷ. ಇನ್ನು ಉಳಿದ ದಾರಿ ಒಂದೇ. ಮಾತು ಕೇಳದ ಕೊಠಡಿಗೆ ಯಂತ್ರವೇ ಹೇಳಬೇಕು. ಅವರಿಬ್ಬರು ಅದಕ್ಕೆ ಕಾಣುವುದಿಲ್ಲ, ಸರಿ. ನಾನು ಕಾಣುತ್ತೇನಲ್ಲ! ಕಲಿಕೆಯ ಆ ಇಪ್ಪತ್ತೊಂದು ದಿನ ನಾನು ಬಯಲಿಗೆ ಕಾಲಿಟ್ಟಿರಲಿಲ್ಲ. ಒಂದು ಹೊಸ ಉಸಿರು ಕಂಡರೂ ಬೀಗ ಬೀಳುತ್ತದೆ. ಕೇಂದ್ರದ ಜೀಪಿಗೆ ಗುರುತಿನ ಬಿಲ್ಲೆ ಇರುವುದರಿಂದ ಅದರಲ್ಲಿ ಕೂತವರನ್ನು ಯಂತ್ರ ಬಿಟ್ಟುಬಿಡುತ್ತದೆ. ಹಾಗಾಗಿ ಅರ್ಧ ದಾರಿಯಲ್ಲೇ ಜೀಪು ಬಿಟ್ಟು ಕೆಳಗೆ ಹಾರಿದೆ, ಜಾಲಿಮೆಳೆಯ ನಡುವೆ ಓಡತೊಡಗಿದೆ.

ಮೂರು ಹೆಜ್ಜೆಗೆ ಸೈರನ್ ಕೂಗಿತು. ಮೂರು ತಿಂಗಳು ಕೂಸುಗಳನ್ನು ಬೆಚ್ಚಿಬೀಳಿಸಿದ ಆ ಸದ್ದು ಕೇಳಿ ನನ್ನ ಕಣ್ಣಲ್ಲಿ ನೀರು ಬಂತು. ಕೂಗು ನನ್ನಪ್ಪಾ, ಕೂಗು, ಎನ್ನುತ್ತ ಓಡಿದೆ. ಮುಳ್ಳಿಗೆ ಸೀರೆ ಹರಿಯಿತು. ನಲವತ್ತಾರರ ಎದೆ ತಿದಿಯ ಹಾಗೆ ಏದುತ್ತಿತ್ತು. ಏದಲಿ, ಎಷ್ಟು ಏದಿದರೆ ಅಷ್ಟು ಚೆನ್ನಾಗಿ ಕಾಣುತ್ತೇನೆ. ಆ ತಣ್ಣನೆಯ ಕೊಠಡಿಯಲ್ಲಿ ಸೊನ್ನೆ ಹೋಗಿ ಒಂದು ಬಂದಿರುತ್ತದೆ. ಸೇತುಮಾಧವ ಕನ್ನಡಕ ಒರೆಸುತ್ತಿರುತ್ತಾರೆ.

ಹತ್ತೂ ಇಪ್ಪತ್ತೈದಕ್ಕೆ ರೊಪ್ಪ ಕಂಡಿತು. ಮುಳ್ಳುಬೇಲಿ, ಅದರೊಳಗೆ ಬಿಳಿ ಎತ್ತುಗಳ ಬೆನ್ನು. ಬೇಲಿಯ ಬಾಗಿಲಲ್ಲಿ ಅವ್ವ ಗಂಟು ಬಿಚ್ಚುತ್ತಿದ್ದಳು. ಮಾವ ಕಂಬಳಿ ಹೊದ್ದು ಕೂತಿದ್ದ. ಎಷ್ಟು ಮುದುಕನಾಗಿದ್ದಾನೆ ಅನ್ನಿಸಿತು. ಸೈರನ್ ಕೂಗುತ್ತಿದ್ದ ಕಡೆಗೆ ಇಬ್ಬರೂ ಮುಖ ಮಾಡಿದ್ದರು. ನನ್ನನ್ನು ಕಂಡು ಮಾವ ಮುಖ ತಿರುಗಿಸಿದ.

ರೊಪ್ಪದ ಅಂಚಿಗೆ ಬಂದವಳು ನಿಂತೆ. ಯೋಚಿಸಿ ನಿಂತದ್ದಲ್ಲ. ಚಿಕ್ಕಂದಿನಿಂದ ಅಲ್ಲಿ ನಿಲ್ಲುವುದು ಕಾಲಿಗೆ ಗೊತ್ತು. ಒಂದು ಸಲ ಮರೆತದ್ದಕ್ಕೆ ಹನ್ನೊಂದು ವರ್ಷ ತೆತ್ತಿದ್ದೆ, ಇನ್ನೊಂದು ಸಲ ಮರೆಯುತ್ತೇನೆಯೇ? ಬಗ್ಗಿ ಬೂಟಿನ ದಾರ ಬಿಚ್ಚಿ, ಎರಡನ್ನೂ ಬೇವಿನ ಬುಡದಲ್ಲಿಟ್ಟು, ಬರಿಗಾಲಿನಲ್ಲಿ ಅವ್ವನ ಕಡೆಗೆ ನಡೆದೆ.

"ಅವ್ವಾ, ಏಳು, ಮಾವನ್ನ ಎಬ್ಬಿಸು..."

ಸೈರನ್ ನಿಂತಿತು.

ಕಿವಿ ಗುಂಯ್ ಅನ್ನುವಷ್ಟು ಮೌನ. ಎತ್ತೊಂದು ಕಿವಿ ಬಡಿದದ್ದು ಕೇಳಿಸಿತು. "ಸದ್ಯ, ನಿಂತ್ಕಂತು," ಅಂದಳು ಅವ್ವ. ನಾನು ದಿಗ್ಭ್ರಮೆಯಿಂದ ಗೋಪುರದ ಕಡೆ ನೋಡಿದೆ. ಯಂತ್ರ ಕೆಟ್ಟಿತೇ? ವ್ಯವಸ್ಥೆ ಮಾಡಿದವಳು ನಾನು, ಕಾರಣ ನನಗೇ ಹೊಳೆಯಲಿಲ್ಲ. ಒಂದು ಮಾತ್ರ ಚೆನ್ನಾಗಿ ಗೊತ್ತಿತ್ತು. ಬಯಲು ಮೂರು ನಿಮಿಷ ಖಾಲಿ ಕಂಡರೆ ಬೀಗ ತಾನಾಗಿ ಬಿಚ್ಚಿಕೊಳ್ಳುತ್ತದೆ, ಎಣಿಕೆ ನಿಂತಲ್ಲಿಂದ ಮುಂದುವರಿಯುತ್ತದೆ. ಮಧ್ಯೆ ಬಂದು ಹೋದ ಆ ಒಂದನ್ನು ಕೊಠಡಿಯಲ್ಲಿ ಕೂತವರು ದೋಷವೆಂದು ಬರೆದುಕೊಳ್ಳುತ್ತಿರುತ್ತಾರೆ.

ಕೈ ಬೀಸಿದೆ, ಕುಣಿದೆ, "ಇದು ಕೂಗದಿದ್ರೆ ರಾಕೆಟ್ಟು ಇಲ್ಲೇ ಬೀಳ್ತೈತೆ" ಎಂದು ಕಿರುಚಿದೆ. ಬಯಲು ತುಟಿ ಬಿಚ್ಚಲಿಲ್ಲ. ಅವ್ವ ನನಗೆ ಮೈಮೇಲೆ ಬಂದಿದೆ ಎಂದುಕೊಂಡು ಬೂದಿಗೆಂದು ಸೊಂಟದ ಚೀಲ ತಡಕಿದಳು.

ಮಾವ ಎದ್ದು ನಿಂತ. ಜೀವಮಾನವೆಲ್ಲ ದನ ಕಾದವನು. ಯಾವ ಸದ್ದು ಯಾವಾಗ ನಿಂತಿತು, ಅದಕ್ಕೆ ಮೊದಲು ಏನಾಯಿತು ಎಂದು ನೋಡಿಯೇ ಬದುಕಿದವನು. ಅವನು ಗೋಪುರದ ಕಡೆ ನೋಡಲಿಲ್ಲ. ಬೇವಿನ ಬುಡದಲ್ಲಿದ್ದ ಬೂಟು ನೋಡಿದ. ಆಮೇಲೆ ಅವ್ವನ ಬರಿಗಾಲು ನೋಡಿದ. ಆಮೇಲೆ ನನ್ನ ಕಾಲು ನೋಡಿದ. ಹನ್ನೊಂದು ವರ್ಷದ ಮೇಲೆ ಮೊದಲ ಸಲ ಅವನ ಕಣ್ಣು ನನ್ನ ಮುಖಕ್ಕೆ ಬಂತು.

"ಮೆಟ್ಟು ಹಾಕ್ಕ," ಅಂದ.

ನನಗೆ ಕೇಳಿಸಿತು, ಅರ್ಥವಾಗಲಿಲ್ಲ. ಅವನು ಕೋಲಿನಿಂದ ನೆಲ ಕುಟ್ಟಿದ.

"ಮೆಟ್ಟು ಹಾಕ್ಕಳ್ಳೇ ಬೋರಿ! ನೀನೀಗ ನಮ್ಮೋಳ ಹಂಗೆ ಕಾಣ್ತಾ ಇದ್ದೀಯ ಅದಕ್ಕೆ!"

ಬೇವಿನ ಬುಡಕ್ಕೆ ಓಡಿದೆ. ದಾರ ಕಟ್ಟದೆ ಹಾಗೆಯೇ ಕಾಲು ತುರುಕಿಕೊಂಡೆ. ತಿರುಗಿ ನೋಡಿದಾಗ ಮಾವ ರೊಪ್ಪದ ಮುಳ್ಳಿನ ಬಾಗಿಲನ್ನು ತನ್ನ ಕೈಯಿಂದಲೇ ಎಳೆದು ತೆರೆದಿದ್ದ. ಮುಳ್ಳು ಚುಚ್ಚಿ ಅಂಗೈಯಲ್ಲಿ ರಕ್ತ ಬಂದಿತ್ತು. ಅವ್ವ ಬಾಯಿಗೆ ಕೈ ಅಡ್ಡ ಹಿಡಿದಳು.

"ದನದ ನಡುವೆ ಬಾ," ಅಂದ. "ತುಳ್ಕಂತಾ ಬಾ."

ನಾನು ಬೂಟುಗಾಲಿನಲ್ಲಿ ನೆಲವನ್ನು ಒದೆಯುತ್ತಾ ದೇವರ ಎತ್ತುಗಳ ನಡುವೆ ನಡೆದೆ. ನಾಲ್ಕನೆಯ ಹೆಜ್ಜೆಗೆ ಬಯಲು ತುಂಬ ಸೈರನ್ ಕೂಗಿತು.